ಸಂಸಾರದ ಮಾತು: ಸೋತು ಬಂದ ಮಗಳು

ಮಗನು ಆಟದಲ್ಲಿ ಸೋತು ಮನೆಗೆ ಬಂದರೆ, “ಹೋಗಲಿ ಬಿಡು, ಮುಂದಿನ ಸಲ ನೋಡೋಣ” ಎನ್ನುತ್ತೇವೆ. ಮಗಳು ಸೋತು ಬಂದರೆ, “ಇನ್ನು ಆಟ ಸಾಕಮ್ಮ, ಒಳಗೆ ಕೆಲಸ ನೋಡು” ಎನ್ನುತ್ತೇವೆ. ಸೋಲು ಒಂದೇ, ತೀರ್ಪು ಮಾತ್ರ ಎರಡು. ಈ ಪಂಕ್ತಿಭೇದವು ನ್ಯಾಯವೆ ಎಂಬುದನ್ನು ವಾಚಕರು ಆಲೋಚಿಸಲೆಂದು, ದೂರದೇಶದ ಒಂದು ವೃತ್ತಾಂತವನ್ನು ಈ ತಿಂಗಳು ಮುಂದಿಡುತ್ತೇವೆ.

ತುರ್ಕಿಯ ಇಸ್ತಾಂಬುಲ್ ನಗರದ ಒಂದು ಭಾಗವು ಯೂರೋಪಿನಲ್ಲಿಯೂ ಇನ್ನೊಂದು ಭಾಗವು ಏಷ್ಯಾದಲ್ಲಿಯೂ ಇರುವುದು. ಏಷ್ಯಾ ಕಡೆಯ ಕಾದಿಕೊಯ್ ಎಂಬಲ್ಲಿ 1907ರಲ್ಲಿ ಫೆನರ್‌ಬಾಹ್ಚೆ ಎಂಬ ಕ್ರೀಡಾಸಂಘವು ಹುಟ್ಟಿತು. ದೀಪಸ್ತಂಭದ ತೋಟವೆಂದು ಆ ಹೆಸರಿನ ಅರ್ಥ. ಕಾಲ್ಚೆಂಡಾಟದಿಂದ ಮೊದಲಾದ ಈ ಸಂಘವು ಕ್ರಮೇಣ ಈಜು, ದೋಣಿಯ ಪಂದ್ಯ, ಮುಷ್ಟಿಯುದ್ಧ, ವಾಲಿಬಾಲ್ ಮುಂತಾದ ಶಾಖೆಗಳನ್ನು ಪಡೆದು, ನಮ್ಮ ಅವಿಭಕ್ತ ಕುಟುಂಬದಂತೆ ಬೆಳೆಯಿತು. ಆ ಮನೆಯ ಹಿರಿಯ ಮಗನು ಕಾಲ್ಚೆಂಡಾಟವೇ. 1954ರಲ್ಲಿ ಹೆಂಗಸರ ಬಾಸ್ಕೆಟ್ ಬಾಲ್ ತಂಡವೆಂಬ ಮಗಳೂ ಅಲ್ಲಿ ಹುಟ್ಟಿದಳು.

ಈ ಆಟವನ್ನು ನೋಡದವರಿಗೆ ಒಂದು ಮಾತು. ಒಂದೊಂದು ಕಡೆಗೆ ಐದು ಮಂದಿ. ಹತ್ತು ಅಡಿ ಎತ್ತರದ ಕಬ್ಬಿಣದ ಬಳೆಯೊಳಕ್ಕೆ ಚೆಂಡನ್ನು ಹಾಕಬೇಕು. ನಲವತ್ತು ನಿಮಿಷಗಳಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಗೆಲುವು.

ಯೂರೋಪಿನ ಸಂಘಗಳ ಹೆಂಗಸರ ತಂಡಗಳಿಗೆ ಯೂರೋಲೀಗ್ ಎಂಬುದೇ ಅತ್ಯುನ್ನತ ಪಂದ್ಯಾವಳಿ. ನಮ್ಮ ಕಥೆಯ ತಂಡವು 2013ರಲ್ಲಿ ಅದರ ಅಂತಿಮ ಪಂದ್ಯದವರೆಗೆ ಹೋಗಿ ಸೋತಿತು. 2014ರಲ್ಲಿ ಮತ್ತೆ ಹೋಗಿ, ತನ್ನ ಊರಿನವರೇ ಆದ, ಬಹುಕಾಲದ ಎದುರಾಳಿ ಗಲಾತಸರಾಯ್ ಸಂಘಕ್ಕೆ ಸೋತಿತು. 2017ರಲ್ಲಿ ಮೂರನೆಯ ಸೋಲು. ಅದೇ ವರ್ಷ ಅದೇ ಸಂಘದ ಗಂಡಸರ ತಂಡವು ತಮ್ಮ ಯೂರೋಲೀಗಿನ ಕಿರೀಟವನ್ನು ಮನೆಗೆ ತಂದಿತು! ಅಣ್ಣನು ಗೆದ್ದು ಬಂದ ಮನೆಯಲ್ಲಿ ಸೋತ ತಂಗಿಯ ಮನಸ್ಸು ಹೇಗಿರುವುದೆಂಬುದನ್ನು ಹೆಣ್ಣು ಹೆತ್ತವರು ಬಲ್ಲರು. 2022ರ ಅಂತಿಮ ಪಂದ್ಯವು ಇಸ್ತಾಂಬುಲಿನಲ್ಲಿಯೇ ನಡೆಯಿತು. ಸ್ವಂತ ಊರಿನ ಜನರ ಕಣ್ಣೆದುರಿಗೆ, ಹಂಗೆರಿಯ ಶೋಪ್ರೋನ್ ತಂಡಕ್ಕೆ 60ಕ್ಕೆ 55ರಂತೆ ನಾಲ್ಕನೆಯ ಸೋಲು.

ಇಷ್ಟಾದರೂ ಸಂಘವು ಮಗಳ ಎಲೆಯನ್ನು ಪಂಕ್ತಿಯಿಂದ ಎತ್ತಿಸಲಿಲ್ಲ. ಮರುವರ್ಷವೇ, 2023ರಲ್ಲಿ, ಪ್ರಾಗ್ ನಗರದಲ್ಲಿ ತುರ್ಕಿಯದೇ ಆದ ಮೆರ್ಸಿನ್ ತಂಡವನ್ನು 99ಕ್ಕೆ 60ರಂತೆ ಸೋಲಿಸಿ, ಆ ಹೆಂಗಸರು ಮೊದಲ ಬಾರಿಗೆ ಕಿರೀಟವನ್ನು ತಂದರು. 2024ರಲ್ಲಿ ಫ್ರಾನ್ಸಿನ ವಿಲ್ನವ್ ದಾಸ್ಕ್ ತಂಡವನ್ನು 106ಕ್ಕೆ 73ರಂತೆ ಗೆದ್ದು, ಅದನ್ನು ಉಳಿಸಿಕೊಂಡರು.

“ಅದು ಹಣವುಳ್ಳ ಸಂಘ, ದೇಶದೇಶಗಳ ನಿಪುಣೆಯರನ್ನು ಕರೆಯಿಸಿ ಆಡಿಸಬಲ್ಲುದು, ಆ ಶಕ್ತಿ ನಮಗೆಲ್ಲಿಯದು?” ಎಂದು ಕೆಲವರು ಕೇಳಬಹುದು. ಮಾತು ನಿಜವೇ. ಆದರೆ ಹಣವಿದ್ದೂ ಅವರು ನಾಲ್ಕು ಸಲ ಸೋತರೆಂಬುದನ್ನು ಮರೆಯಬಾರದು. ಐದನೆಯ ಸಲ ಆಡಲು ಕಳುಹಿಸುವ ಮನಸ್ಸು ಇಲ್ಲದಿದ್ದರೆ, ಎಷ್ಟು ಹಣವಿದ್ದೂ ಫಲವಿರುತ್ತಿರಲಿಲ್ಲ.

ಎಲ್ಲ ಹುಡುಗಿಯರೂ ಕಿರೀಟ ತರಲಾರರು; ಎಲ್ಲ ಹುಡುಗರೂ ತರುವುದಿಲ್ಲವಷ್ಟೆ. ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಮಗಳು ಸೋತು, ಮುಖ ಬಾಡಿಸಿಕೊಂಡು ಬಂದ ಸಂಜೆ, “ಮುಂದಿನ ಸಲ ನೋಡೋಣ” ಎಂಬ ಮಾತನ್ನು ಅವಳ ಎಲೆಗೂ ಬಡಿಸಿರಿ. ಅದಕ್ಕೆ ಕಾಸಿನ ಖರ್ಚಿಲ್ಲ.