ದುಡ್ಡಿಗೆ ರೀಸ್ಟಾರ್ಟ್ ಬಟನ್ ಇಲ್ಲ

ಅಕ್ಕನ ಮಗಳು ಎಂಟನೇ ಕ್ಲಾಸು. ಮೊನ್ನೆ ಸ್ಕೂಲಿಂದ ಬಂದವಳೇ, "ಮಾಮ, ನಲವತ್ತು ನಿಮಿಷದಲ್ಲಿ ಒಂದು ಲಕ್ಷನ ಮೂರು ಲಕ್ಷ ಮಾಡಿದೆ!" ಅಂದಳು. ಕ್ಲಾಸಿನಲ್ಲಿ ಷೇರು ಮಾರುಕಟ್ಟೆ ಆಟವಂತೆ. ಎಲ್ಲರ ಕೈಲೂ ಟ್ಯಾಬ್, ಸ್ಮಾರ್ಟ್‌ಬೋರ್ಡ್ ಮೇಲೆ ಯಾರು ಮುಂದೆ ಅನ್ನೋ ಪಟ್ಟಿ, ಗೆದ್ದವರಿಗೆ ಪರದೆ ತುಂಬ ಪಟಾಕಿ.

"ಕಳ್ಕೊಂಡೋರು ಏನ್ ಮಾಡಿದ್ರು ಪುಟ್ಟಿ?"

"ರೀಸ್ಟಾರ್ಟ್ ಒತ್ತಿದ್ರು, ಅಷ್ಟೇ."

ಇದಕ್ಕೆ ಹಣಕಾಸು ಸಾಕ್ಷರತೆ ಅಂತ ಹೆಸರು. ಫೀಸಿನ ರಸೀದಿಯಲ್ಲಿ ಸ್ಮಾರ್ಟ್ ಕ್ಲಾಸಿಗೆ ಬೇರೆ ಸಾಲು. ನಾನಂತೂ ಇದನ್ನು ಪಾಠ ಅನ್ನಲ್ಲ, ಚಟದ ಅಭ್ಯಾಸ ಅಂತೀನಿ. ರೀಸ್ಟಾರ್ಟ್ ಇಲ್ಲದ ಕಡೆ ಏನಾಗುತ್ತೆ ಅಂತ ಸೆಬಿ 2024ರಲ್ಲೇ ಲೆಕ್ಕ ಕೊಟ್ಟಿದೆ. ಮೂರು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್‌ಗೆ ಕೈಹಾಕಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ನೂರಕ್ಕೆ 93 ಮಂದಿ ದುಡ್ಡು ಕಳೆದುಕೊಂಡರು, ಸರಾಸರಿ ಸುಮಾರು 2 ಲಕ್ಷ. ಆಡಿದವರಲ್ಲಿ ಮೂವತ್ತರ ಒಳಗಿನವರೇ ಎಷ್ಟು ಅಂತ ನಿಮ್ಮ ಆಫೀಸಿನ ಕ್ಯಾಂಟೀನಲ್ಲಿ ಕೂತರೆ ಗೊತ್ತಾಗುತ್ತೆ.

"ಆಟ ಇದ್ರೇನೇ ಮಕ್ಕಳ ತಲೆಗೆ ಹೋಗೋದು" ಅಂತೀರಾ? ಸರಿ, ಆಡಿಸಿ. ಅದೇ ಬೋರ್ಡಿನ ಮೇಲೆ ಒಂದು ಕ್ರೆಡಿಟ್ ಕಾರ್ಡ್ ಬಿಲ್ ಹಾಕಿ. ಬಾಕಿ 50,000. ಮಿನಿಮಮ್ ಡ್ಯೂ ಶೇ. 5 ಅಂತಿಟ್ಟುಕೊಂಡರೆ 2,500. ತಿಂಗಳಿಗೆ ಶೇ. 3.5ರಂತೆ ಬಡ್ಡಿ 1,750, ಅದರ ಮೇಲೆ ಶೇ. 18 ಜಿಎಸ್‌ಟಿ 315. ಅಸಲಿಗೆ ಹೋಗೋದು ಬರೀ 435 ರೂಪಾಯಿ! ಮಕ್ಕಳ ಕೈಲಿ ಹೀಗೇ ಹನ್ನೆರಡು ಸಲ ಬಟನ್ ಒತ್ತಿಸಿ. ಹೊಸದಾಗಿ ಒಂದು ಪೈಸೆಯನ್ನೂ ಖರ್ಚು ಮಾಡದೆ, ವರ್ಷದಲ್ಲಿ 28,000ಕ್ಕೂ ಹೆಚ್ಚು ಕಟ್ಟಿದರೂ ಸಾಲ ಇಳಿಯೋದು 5,000ದಷ್ಟೇ. ಬೋರ್ಡು ಇರಬೇಕಾದ್ದು ಇದಕ್ಕೆ. ಒಂದು ವರ್ಷದ ಮೂರ್ಖತನವನ್ನು ಒಂದು ನಿಮಿಷದಲ್ಲಿ ತೋರಿಸಬಲ್ಲದು.

ಈ ಲೆಕ್ಕ ನನಗೆ ಯಾರೂ ಹೇಳಿಕೊಡಲಿಲ್ಲ. ಇಂಜಿನಿಯರಿಂಗ್ ಗಣಿತದಲ್ಲಿ ಫಸ್ಟ್ ಕ್ಲಾಸ್ ಬಂದವನು, ಮೊದಲ ಕೆಲಸದಲ್ಲಿ ಹದಿನಾಲ್ಕು ತಿಂಗಳು ಮಿನಿಮಮ್ ಡ್ಯೂ ಕಟ್ಟಿಕೊಂಡು "ಟೈಮಿಗೆ ಸರಿಯಾಗಿ ಕಟ್ತಿದ್ದೀನಿ" ಅಂತ ಬೀಗುತ್ತಿದ್ದೆ.

ಆ ರಾತ್ರಿ ಪುಟ್ಟಿಗೆ ನನ್ನ ಹಳೇ ಸ್ಟೇಟ್‌ಮೆಂಟುಗಳನ್ನೇ ತೋರಿಸಿದೆ. ಒಂದೊಂದೇ ತಿಂಗಳು ಕೂಡಿಸಿ, ಕಳೆದು, ಕೊನೆಗೆ ಕೇಳಿದಳು:

"ಮಾಮ, ಇದನ್ನ ಸ್ಕೂಲಲ್ಲಿ ಯಾಕೆ ಆಡಿಸಲ್ಲ?"

ಮುಂದಿನ ಪೇರೆಂಟ್ಸ್ ಮೀಟಿಂಗಿಗೆ ಅಕ್ಕನ ಜೊತೆ ನಾನೂ ಹೋಗ್ತಿದ್ದೀನಿ. ನೀವೂ ಹೋಗಿ, ಇದನ್ನೇ ಕೇಳಿ.