ಬಸ್ಸು ಹತ್ತಿ ಹೋಗಿ, ಕಡಲ ಬದಿಯಲ್ಲಿ ನಡೆಯಿರಿ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು, ಮಂಡಿ ನೋವು, ನಿದ್ದೆ ಬಾರದಿರುವುದು... ಯಾವ ದೂರು ಹೊತ್ತು ವೈದ್ಯರ ಬಳಿಗೆ ಹೋದರೂ ಚೀಟಿಯ ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: 'ದಿನವೂ ವಾಕಿಂಗ್ ಮಾಡಿ.' ಕಾಸು ಖರ್ಚಿಲ್ಲದ ಈ ಮದ್ದನ್ನು ಎಷ್ಟು ಜನ ತೆಗೆದುಕೊಳ್ಳುತ್ತಾರೆ? ಮೊದಲ ವಾರ ಹೊಸ ಬೂಟು, ಭಾರೀ ಉತ್ಸಾಹ. ಎರಡನೆಯ ವಾರ ಮಳೆ, ಇಲ್ಲವೇ ನೆಂಟರ ಮನೆಯ ಮದುವೆ. ಮೂರನೆಯ ವಾರದ ಹೊತ್ತಿಗೆ ಬೂಟು ಮಂಚದ ಕೆಳಗೆ ಸೇರಿರುತ್ತದೆ. ಇವರನ್ನೆಲ್ಲ ಸೋಮಾರಿಗಳೆಂದು ಬೈಯಲು ನನಗೆ ಮನಸ್ಸಿಲ್ಲ. ತಾರಸಿಯ ಮೇಲೆ ಅಥವಾ ಪಾರ್ಕಿನ ಸುತ್ತ ಗಾಣದೆತ್ತಿನಂತೆ ತಿರುಗುವುದು ನಿಜಕ್ಕೂ ಬೇಸರದ ಕೆಲಸ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸಲಹೆಯ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಮಾಡಬೇಕು. ಸಾಧಾರಣ ಬಿರುಸು ಎಂದರೆ ನಡೆಯುತ್ತಾ ಮಾತನಾಡಲು ಸಾಧ್ಯವಾಗಬೇಕು, ಹಾಡು ಹೇಳಲು ಉಸಿರು ಸಾಲಬಾರದು. ಒಂದೇ ಉಸಿರಿಗೆ ಇಷ್ಟು ಹೊತ್ತು ನಡೆಯಲೇಬೇಕೆಂಬ ಹಳೆಯ ಕಟ್ಟುಪಾಡು ಈಗಿಲ್ಲ. ಹಾಲು ತರಲು ನಡೆದದ್ದೂ ಲೆಕ್ಕಕ್ಕೆ ಬರುತ್ತದೆ. ಹಾಗಿದ್ದರೆ ವಾರದ ದಿನಗಳಲ್ಲಿ ಚೂರುಪಾರು ನಡೆದು, ಭಾನುವಾರ ಮನೆಮಂದಿಯೆಲ್ಲ ಸೇರಿ ಎರಡು ಗಂಟೆ ನಡೆದರೆ ಹೇಗೆ? ಸಕ್ಕರೆ ಕಾಯಿಲೆಯವರು ಮಾತ್ರ ಸತತ ಎರಡು ದಿನಕ್ಕಿಂತ ಹೆಚ್ಚು ಕಾಲ ನಡಿಗೆ ತಪ್ಪಿಸಬಾರದು.

ನನ್ನ ಸಲಹೆ ಸರಳವಾದದ್ದು. ಬಸ್ಸು ಹತ್ತಿ ಒಂದು ಊರಿನಲ್ಲಿ ಇಳಿಯಿರಿ. ಅಲ್ಲಿಂದ ಇನ್ನೊಂದು ಊರಿಗೆ ನಡೆಯಿರಿ. ಆ ಊರಿನಿಂದ ಬಸ್ಸು ಹಿಡಿದು ಮನೆಗೆ ಬನ್ನಿ. ಕಾರಿನವರಿಗೆ ಈ ಸುಖವಿಲ್ಲ. ಗೂಟಕ್ಕೆ ಕಟ್ಟಿದ ಕರುವಿನಂತೆ ಅವರು ಎಷ್ಟು ದೂರ ಹೋದರೂ ಕಾರು ನಿಲ್ಲಿಸಿದ ಜಾಗಕ್ಕೇ ಮರಳಬೇಕು. ಅರ್ಧ ದಾರಿಯಲ್ಲಿ 'ಇನ್ನು ಸಾಕು' ಎನಿಸಿದಾಗ ಅವರು ತಿರುಗಿಬಿಡುತ್ತಾರೆ. ಬಸ್ಸಿನವರಿಗೆ ಮುಂದಿನ ಊರು ಕಾಣುತ್ತಿರುತ್ತದೆ, ಅಲ್ಲೊಂದು ಚಹಾದ ಅಂಗಡಿಯೂ ಇರುತ್ತದೆ. ಆದ್ದರಿಂದ ಕಾಲು ತಾನಾಗಿ ಮುಂದೆ ಹೋಗುತ್ತದೆ.

ಬಸ್ಸಿಗೂ ಹೃದಯಕ್ಕೂ ಹಳೆಯ ನಂಟಿದೆ. ದೈಹಿಕ ಶ್ರಮ ಹೃದಯವನ್ನು ಕಾಯುತ್ತದೆ ಎಂಬುದಕ್ಕೆ ಮೊದಲ ಗಟ್ಟಿ ಪುರಾವೆ ದೊರೆತದ್ದು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ. ಡಾ. ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಅಲ್ಲಿನ ಸಾರಿಗೆ ನೌಕರರನ್ನು ಅಧ್ಯಯನ ಮಾಡಿ 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ದಿನವಿಡೀ ಕುಳಿತಿರುವ ಚಾಲಕರಿಗಿಂತ, ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಲ್ಲಿ ಹೃದ್ರೋಗ ಕಡಿಮೆಯಿತ್ತು. ಬಂದವರಲ್ಲೂ ತಡವಾಗಿ ಬಂದಿತ್ತು. ಒಬ್ಬರದು ಒಂದೇ ಬಸ್ಸು, ಒಂದೇ ಹೊಗೆ, ಹೆಚ್ಚುಕಡಿಮೆ ಒಂದೇ ಸಂಬಳ! ಆದರೂ ಇದನ್ನು ಪೂರ್ತಿ ನಂಬುವ ಮುನ್ನ ಒಂದು ಮಾತು ಹೇಳಬೇಕು. ಮಾರಿಸ್ ತಂಡವೇ 1956ರಲ್ಲಿ ನೌಕರರ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿತು. ಚಾಲಕರ ಪ್ಯಾಂಟಿನ ಸೊಂಟ ಕೆಲಸಕ್ಕೆ ಸೇರುವಾಗಲೇ ಕಂಡಕ್ಟರರದಕ್ಕಿಂತ ದೊಡ್ಡದಿತ್ತು. ಎಲ್ಲ ಪುಣ್ಯವೂ ಮೆಟ್ಟಿಲಿಗೇ ಸಲ್ಲದು. ಆದರೆ ಆ ಬಳಿಕ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳು ಶ್ರಮದ ಪರವಾಗಿಯೇ ನಿಂತಿವೆ.

ಎಲ್ಲಿಗೆ ಹೋಗಬೇಕು? ನಮ್ಮ ಕರಾವಳಿಯಷ್ಟು ಅನುಕೂಲದ ಜಾಗ ಬೇರೆ ಕಡೆ ಸಿಗುವುದು ಕಷ್ಟ. ಉಡುಪಿಯಿಂದ ಮಲ್ಪೆ ಆರೇ ಕಿ.ಮೀ., ಸಿಟಿ ಬಸ್ಸುಗಳಿಗೆ ಬರವಿಲ್ಲ. ಮಲ್ಪೆಯಲ್ಲಿ ಸೇತುವೆ ದಾಟಿ ಪಡುಕರೆಗೆ ಬಂದರೆ ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ತೆಂಗಿನ ತೋಟ, ಮೀನುಗಾರರ ಮನೆಗಳು. ದಕ್ಷಿಣಕ್ಕೆ ನಡೆಯುತ್ತಾ ಹೋದರೆ ಮಟ್ಟು ಸಿಗುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮಟ್ಟು ಗುಳ್ಳ ಬೆಳೆಯುವ ಊರು ಇದೇ. ಅಲ್ಲಿಂದ ಕಟಪಾಡಿಯತ್ತ ಹೊರಳಿದರೆ ಹೆದ್ದಾರಿ, ಬಸ್ಸು. ಇಡೀ ದಾರಿಗೆ ಅರ್ಧ ದಿನ ಬೇಕು. ಹೊಸಬರು ಪಡುಕರೆಯಲ್ಲೇ ಮುಕ್ಕಾಲು ಗಂಟೆ ನಡೆದು ಮಲ್ಪೆಗೆ ಮರಳಲಿ, ನಾಚಿಕೆಯೇನಿಲ್ಲ. ಗೋಕರ್ಣದಲ್ಲಿ ಬಸ್ಸಿಳಿದು ಪೇಟೆ ದಾಟಿ, ಚಿರೇಕಲ್ಲಿನ ಗುಡ್ಡ ಹತ್ತಿ ಕುಡ್ಲೆಗೆ, ಅಲ್ಲಿಂದ ಇನ್ನೊಂದು ಗುಡ್ಡ ದಾಟಿ ಓಂ ಕಡಲತೀರಕ್ಕೆ ಹೋಗಬಹುದು. ಹತ್ತಿಳಿತ ಇರುವುದರಿಂದ ಹೃದಯಕ್ಕೆ ಒಳ್ಳೆಯ ಕೆಲಸ. ಎದೆನೋವಿನ ಇತಿಹಾಸವಿರುವವರು ವೈದ್ಯರನ್ನು ಕೇಳದೆ ಹೋಗಬಾರದು. ಮಳೆಗಾಲದಲ್ಲಿ ಯಾರೂ ಹೋಗಬಾರದು, ಆ ಕಲ್ಲು ಅಷ್ಟು ಜಾರುತ್ತದೆ. ಅಜ್ಜ-ಅಜ್ಜಿ, ಪುಟ್ಟ ಮಕ್ಕಳು ಜೊತೆಗಿದ್ದರೆ ಮಂಗಳೂರಿನ ಸುಲ್ತಾನ್ ಬತ್ತೇರಿ ಉತ್ತಮ. ದೋಣಿಯಲ್ಲಿ ಹೊಳೆ ದಾಟಿದರೆ ತಣ್ಣೀರುಬಾವಿಯ ಮರಳು.

ಮರವಂತೆಯನ್ನು ನಾನು ಈ ಪಟ್ಟಿಗೆ ಸೇರಿಸುವುದಿಲ್ಲ. ಕಡಲು ಮತ್ತು ಸೌಪರ್ಣಿಕೆಯ ನಡುವಿನ ಆ ದೃಶ್ಯಕ್ಕೆ ಸಾಟಿಯಿಲ್ಲ, ಒಪ್ಪಿದೆ. ಆದರೆ ಹೆದ್ದಾರಿಯ ಅಂಚಿನಲ್ಲಿ ಲಾರಿಗಳ ಗಾಳಿ ತಿನ್ನುತ್ತಾ ನಡೆಯುವುದು ಆರೋಗ್ಯದ ಮಾರ್ಗವಲ್ಲ. ಬಸ್ಸಿನ ಕಿಟಕಿಯಿಂದ ನೋಡಿದರೆ ಸಾಕು.

ಕಡಲು ದೂರವಿದ್ದವರು ನಿರಾಶರಾಗಬೇಕಿಲ್ಲ. ಮೈಸೂರಿನವರು ಶ್ರೀರಂಗಪಟ್ಟಣದಲ್ಲಿ ಇಳಿದು ದರಿಯಾ ದೌಲತ್, ಗುಂಬಜ್ ಮಾರ್ಗವಾಗಿ ಕಾವೇರಿ ಸಂಗಮದವರೆಗೆ ನಡೆಯಬಹುದು. ಸಮತಟ್ಟಾದ ದಾರಿ, ಮಂಡಿಗೆ ತೊಂದರೆಯಿಲ್ಲ. ಮಲೆನಾಡಿನವರಿಗೆ ಮಾತ್ರ ಒಂದು ಎಚ್ಚರಿಕೆ: ಬೇಸಿಗೆ ಮುಗಿಯುವವರೆಗೂ ಉಣ್ಣೆಗಳಿಂದ ಮಂಗನ ಕಾಯಿಲೆ ಹರಡುವ ಭಯವಿರುತ್ತದೆ. ಊರ ರಸ್ತೆಯಲ್ಲೇ ನಡೆಯಿರಿ, ಕಾಡಿನ ಒಳಹೊಕ್ಕು ತರಗೆಲೆಯ ಮೇಲೆ ಕೂರಬೇಡಿ. ಮಳೆಗಾಲದಲ್ಲಿ ಗದ್ದೆಯ ಬದುವಿನ ಮೇಲೆ ಬರಿಗಾಲಲ್ಲಿ ನಡೆಯುವುದೂ ಬೇಡ. ಕಾಲಿನಲ್ಲಿ ಗಾಯವಿದ್ದರೆ ನಿಂತ ನೀರಿನಿಂದ ಇಲಿ ಜ್ವರ ಬರುತ್ತದೆ.

ಇನ್ನು ಮರಳಿನ ಮಾತು. ಒಣ ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕೆಂದು ಬೆಲ್ಜಿಯಂನ ಸಂಶೋಧಕರು 1998ರಲ್ಲಿ ಅಳೆದು ತೋರಿಸಿದ್ದಾರೆ. ಬೊಜ್ಜು ಕರಗಿಸುವವರಿಗೆ ಲಾಭ, ಹಿಮ್ಮಡಿ ನೋವಿನವರಿಗೆ ಕಷ್ಟ. ಅಂಥವರು ನೀರು ಇಳಿದಾಗ ಗಟ್ಟಿಯಾಗಿರುವ ಒದ್ದೆ ಮರಳಿನ ಮೇಲೆ ನಡೆಯಲಿ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಸ್ಥಳೀಯ ಮೀನುಗಾರರನ್ನು ಕೇಳಿದರೆ ಸರಿಯಾದ ಗಳಿಗೆ ಹೇಳುತ್ತಾರೆ. ದಡ ಒಂದೇ ಕಡೆಗೆ ವಾಲಿದ್ದರೆ ಒಂದೇ ಕಾಲಿಗೆ ಭಾರ ಬಿದ್ದು ಸೊಂಟ ಹಿಡಿಯುತ್ತದೆ. ಹಾಗಿದ್ದಾಗ ಮೇಲಿನ ದಾರಿಗೆ ಬನ್ನಿ.

ಸಕ್ಕರೆ ಕಾಯಿಲೆಯವರು ಕಡಲತೀರದಲ್ಲೂ ಪಾದರಕ್ಷೆ ಬಿಡಬಾರದು. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಚಿಪ್ಪು ಚುಚ್ಚಿದ್ದಾಗಲಿ, ಕಾದ ಮರಳು ಸುಟ್ಟದ್ದಾಗಲಿ ತಿಳಿಯುವುದಿಲ್ಲ. ಮನೆಗೆ ಬಂದ ಮೇಲೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಸಕ್ಕರೆಯೋ ಪೆಪ್ಪರಮಿಂಟೋ ಇರಲಿ. ನಡುಕ, ಬೆವರು ಬಂದರೆ ಬಿಸಿಲಿನದೆಂದು ಕಡೆಗಣಿಸಬೇಡಿ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ನಡಿಗೆ ಮುಗಿಸುವುದು ಒಳ್ಳೆಯದು, ಇಲ್ಲವೇ ಸಂಜೆ ನಾಲ್ಕೂವರೆಯ ನಂತರ. ನೀರು, ಮಜ್ಜಿಗೆ ಕುಡಿಯಿರಿ. ಎಳನೀರು ಎಲ್ಲರಿಗೂ ಅಮೃತವಲ್ಲ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಆದ್ದರಿಂದ ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಈ ನಡಿಗೆಯ ಅಗತ್ಯ ಹೆಚ್ಚಾಗಿರುವುದು ನಮ್ಮ ಮನೆಯ ಹೆಂಗಸರಿಗೆ. 'ಮನೆಗೆಲಸವೇ ವ್ಯಾಯಾಮ' ಎಂದು ಗಂಡಂದಿರು ಹೇಳಿ ಕೈತೊಳೆದುಕೊಳ್ಳುತ್ತಾರೆ. ಕೆಲಸ ಹೌದು, ದಣಿವೂ ಹೌದು. ಆದರೆ ಒಲೆಯ ಮುಂದೆ ನಿಂತು ದಣಿಯುವುದರಿಂದ ಹೃದಯ, ಶ್ವಾಸಕೋಶಗಳಿಗೆ ಬಿರುಸಾದ ನಡಿಗೆಯ ಲಾಭ ಸಿಗುವುದಿಲ್ಲ. 2023ರ ಜೂನ್ 11ರಂದು 'ಶಕ್ತಿ' ಯೋಜನೆ ಆರಂಭವಾದಾಗ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ಟಿನ ಹೊರೆ ಇಳಿಯಿತು. ಉಡುಪಿ, ದಕ್ಷಿಣ ಕನ್ನಡದಲ್ಲಿ ಓಡುವ ಬಹುಪಾಲು ಬಸ್ಸುಗಳು ಖಾಸಗಿಯವು, ಅವುಗಳಿಗೆ ಇದು ಅನ್ವಯಿಸುವುದಿಲ್ಲ. ಆ ಯೋಜನೆಯಿಂದ ಹೆಂಗಸರು ದೇವಸ್ಥಾನಗಳಿಗೆ ಹೋದದ್ದನ್ನು ಕಂಡು ಕೆಲವರು ನಕ್ಕರು. ವರ್ಷಗಟ್ಟಲೆ ಹೊಸ್ತಿಲು ದಾಟದವರು ಬಸ್ಸಿಳಿದು ಮೆಟ್ಟಿಲು ಹತ್ತಿದರೆ, ವೈದ್ಯನಾದ ನನಗೆ ಅದು ಸಂತೋಷದ ಸುದ್ದಿಯೇ.

ಟಿಕೆಟ್ಟಿಗಿಂತ ದೊಡ್ಡ ಅಡ್ಡಿ ಬೇರೆಯಿದೆ. ಬಸ್ಸಿಳಿದ ಮೇಲೆ ಶೌಚಾಲಯವಿಲ್ಲವೆಂದು ಹೆಂಗಸರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಬಿಸಿಲಲ್ಲಿ ನೀರಿಲ್ಲದೆ ನಡೆದು, ಮೂತ್ರ ತಡೆದು, ಎರಡು ದಿನಗಳ ಬಳಿಕ ಉರಿಮೂತ್ರವೆಂದು ನಮ್ಮಲ್ಲಿಗೆ ಬರುತ್ತಾರೆ. ಕಡಲತೀರಗಳಲ್ಲಿ ಬಣ್ಣದ ದೀಪ, ಫೋಟೋ ತೆಗೆಸಿಕೊಳ್ಳುವ ಕಮಾನುಗಳಿಗೆ ಹಣ ಸಿಗುತ್ತದೆ. ಬಸ್ಸು ನಿಲ್ಲುವ ಕಡೆ ಚಿಲಕ ಹಾಕಬಹುದಾದ, ನೀರು ಬರುವ ಒಂದು ಶೌಚಾಲಯ ಮತ್ತು ನಾಲ್ಕು ಪಥದ ಹೆದ್ದಾರಿಯನ್ನು ಮುದುಕರೂ ದಾಟಬಹುದಾದ ಒಂದು ಜಾಗಕ್ಕೆ ಅಷ್ಟು ಹಣ ಬೇಕಾಗದು. ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಇದನ್ನು ಕೇಳಬೇಕಾದವರು ನಡೆಯುವವರೇ. ಅಲ್ಲಿಯವರೆಗೆ, ಹೊರಡುವ ಮುನ್ನ ಎರಡು ವಿಷಯ ವಿಚಾರಿಸಿಟ್ಟುಕೊಳ್ಳಿ: ದಾರಿಯಲ್ಲಿ ಶೌಚಾಲಯ ಎಲ್ಲಿದೆ, ಮರಳುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ. ಎರಡನೆಯದನ್ನು ಹೋಗುವಾಗಲೇ ಕಂಡಕ್ಟರರನ್ನು ಕೇಳಬಹುದು.