ಮೆಲಟೋನಿನ್ ಮಾತ್ರೆ: ಲಾಭವೆಷ್ಟು, ತೊಂದರೆಯೆಷ್ಟು?

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬುದು ಹಿರಿಯರ ಮಾತು. ಈಗ ಸಂತೆಗಿಂತ ಚಿಂತೆಯೇ ದೊಡ್ಡದಾಗಿದೆ. ನಿದ್ದೆಗಾಗಿ ಮಾತ್ರೆ ಹುಡುಕುವವರು ನಗರದಲ್ಲಿ ಮಾತ್ರವಲ್ಲ, ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂಥ ಹಳ್ಳಿಗಳಲ್ಲೂ ಇದ್ದಾರೆ. ಬೆಂಗಳೂರಿನ ಮಗನೋ, ಅಮೆರಿಕದ ಮಗಳೋ ಮೆಲಟೋನಿನ್ ಡಬ್ಬಿಯೊಂದನ್ನು ತಂದುಕೊಡುತ್ತಾರೆ. ‘ಇದು ನಮ್ಮ ದೇಹದಲ್ಲೇ ಹುಟ್ಟುವ ವಸ್ತು, ಅಡ್ಡಪರಿಣಾಮ ಏನೂ ಇಲ್ಲ’ ಎಂಬ ಭರವಸೆಯೂ ಅದರ ಜೊತೆಗೇ ಬರುತ್ತದೆ. ಈ ಮಾತಿನಲ್ಲಿ ಅರ್ಧ ಮಾತ್ರ ನಿಜ. ಇನ್ಸುಲಿನ್ ಕೂಡ ದೇಹದಲ್ಲೇ ಹುಟ್ಟುತ್ತದೆ. ಹಾಗೆಂದು ಅದನ್ನು ಯಾರೂ ಮನಬಂದಂತೆ ಚುಚ್ಚಿಕೊಳ್ಳುವುದಿಲ್ಲ.

ಏನಿದು ಮೆಲಟೋನಿನ್?

ಮೆದುಳಿನ ನಡುಭಾಗದಲ್ಲಿರುವ ಪೀನಿಯಲ್ ಎಂಬ ಪುಟ್ಟ ಗ್ರಂಥಿ ಸ್ರವಿಸುವ ಹಾರ್ಮೋನು ಇದು. ಅಮೆರಿಕದ ಚರ್ಮವೈದ್ಯ ಏರನ್ ಲರ್ನರ್ ಇದನ್ನು 1958ರಲ್ಲಿ ಬೇರ್ಪಡಿಸಿದರು. ಕತ್ತಲಾದ ಮೇಲೆ ಇದು ಏರುತ್ತದೆ, ಬೆಳಕು ಕಂಡರೆ ಇಳಿಯುತ್ತದೆ. ‘ರಾತ್ರಿಯಾಯಿತು, ಮಲಗುವ ಹೊತ್ತು’ ಎಂದು ದೇಹಕ್ಕೆ ಸಾರುವುದಷ್ಟೇ ಇದರ ಕೆಲಸ. ಡಂಗುರ ಹೊಡೆಯುವವನು ಸುದ್ದಿ ಮುಟ್ಟಿಸಬಲ್ಲ, ಹಿಡಿದು ಮಲಗಿಸಲಾರ.

ಲಾಭ ಎಷ್ಟು?

ದೂರದೇಶದ ವಿಮಾನ ಪ್ರಯಾಣದಿಂದ ದೇಹದ ಗಡಿಯಾರ ಏರುಪೇರಾದವರಿಗೆ, ಕೆಲವು ಬಗೆಯ ಅಂಧರಿಗೆ, ಆಟಿಸಂ ಇರುವ ಕೆಲವು ಮಕ್ಕಳಿಗೆ ವೈದ್ಯರ ನಿಗಾದಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಆದರೆ ಸಾಮಾನ್ಯ ನಿದ್ರಾಹೀನತೆಗೆ? 19 ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಮಾತ್ರೆ ತೆಗೆದುಕೊಂಡವರಿಗೆ ನಿದ್ದೆ ಸರಾಸರಿ 7 ನಿಮಿಷ ಬೇಗ ಬಂತು. ಒಟ್ಟು ನಿದ್ದೆ 8 ನಿಮಿಷದಷ್ಟು ಹೆಚ್ಚಿತು. ಅಮೆರಿಕದ ನಿದ್ರಾವೈದ್ಯರ ಸಂಸ್ಥೆ 2017ರಲ್ಲಿ, ವಯಸ್ಕರ ನಿದ್ರಾಹೀನತೆಗೆ ಇದನ್ನು ಬಳಸದಿರುವುದೇ ಲೇಸು ಎಂದು ಸೂಚಿಸಿತು. ಆದ್ದರಿಂದ ನಾವು ತೂಗಬೇಕಾದದ್ದು ಇಷ್ಟು: ಒಂದು ತಟ್ಟೆಯಲ್ಲಿ ಏಳೆಂಟು ನಿಮಿಷ, ಇನ್ನೊಂದರಲ್ಲಿ ಏನಿದೆ?

ಅಡ್ಡಪರಿಣಾಮಗಳು

ಆರೋಗ್ಯವಂತ ವಯಸ್ಕರು ಕಡಿಮೆ ಪ್ರಮಾಣದಲ್ಲಿ ಕೆಲವು ದಿನ ತೆಗೆದುಕೊಂಡರೆ ದೊಡ್ಡ ಅಪಾಯ ಕಂಡುಬಂದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಹಗಲಿನ ಜೋಂಪು ಸಾಮಾನ್ಯವಾಗಿ ಕಾಣುವ ತೊಂದರೆಗಳು. ಓದುವಾಗ ಇವು ಸಣ್ಣವೆನಿಸುತ್ತವೆ. ಆದರೆ ಪಂಪ್‌ಸೆಟ್ಟಿಗೆ ರಾತ್ರಿ ಪಾಳಿಯಲ್ಲಿ ಕರೆಂಟು ಬಂದಾಗ ಎದ್ದು ಅಡಿಕೆ ತೋಟಕ್ಕೆ ನೀರು ಹಾಯಿಸಲು ಹೋಗುವ ರೈತನಿಗೆ, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟುವಾಗಿನ ಜೋಂಪು ಸಣ್ಣದಲ್ಲ. ಹಿರಿಯೂರಿನ ಹೆದ್ದಾರಿಯಲ್ಲಿ ಲಾರಿ ಓಡಿಸುವವನಿಗೂ ಅಷ್ಟೇ. ರಾತ್ರಿ ಬಚ್ಚಲಿಗೆಂದು ಎದ್ದ ವೃದ್ಧರು ತಲೆಸುತ್ತಿ ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ.

ಹೆಚ್ಚಿನ ಭಯ ಬೇರೆ ಔಷಧಿಗಳ ಜೊತೆ ಸೇರಿದಾಗ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಜೊತೆ ರಕ್ತಸ್ರಾವದ ಸಂಭವ ಹೆಚ್ಚಬಹುದು. ರಕ್ತದೊತ್ತಡಕ್ಕೆ ನಿಫೆಡಿಪಿನ್ ಸೇವಿಸುವವರಲ್ಲಿ ಇಳಿದಿದ್ದ ಒತ್ತಡ ಮತ್ತೆ ಏರಿದ್ದು ದಾಖಲಾಗಿದೆ. ಫ್ಲೂವೋಕ್ಸಮಿನ್ ಎಂಬ ಮಾನಸಿಕ ಕಾಯಿಲೆಯ ಔಷಧಿ ರಕ್ತದಲ್ಲಿ ಮೆಲಟೋನಿನ್ ಪ್ರಮಾಣವನ್ನು ಹಲವು ಪಟ್ಟು ಏರಿಸುತ್ತದೆ. ಮೂರ್ಛೆರೋಗ, ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಮದ್ಯದ ಜೊತೆಗಂತೂ ಬೇಡವೇ ಬೇಡ.

ವರ್ಷಗಟ್ಟಲೆ ನುಂಗಿದರೆ ಏನಾಗುತ್ತದೆ ಎಂಬುದಕ್ಕೆ ಖಚಿತ ಉತ್ತರ ಇನ್ನೂ ಇಲ್ಲ. ದೀರ್ಘಕಾಲ ಸೇವಿಸಿದವರಲ್ಲಿ ಹೃದಯ ವೈಫಲ್ಯ ಹೆಚ್ಚು ಕಂಡಿತೆಂದು 2025ರಲ್ಲಿ ಅಮೆರಿಕದ ಹೃದ್ರೋಗ ಸಮ್ಮೇಳನವೊಂದರಲ್ಲಿ ವರದಿಯಾಯಿತು. ಮಾತ್ರೆಯೇ ಕಾರಣವೆಂದು ಅದರಿಂದ ಹೇಳಲಾಗದು. ನಿದ್ದೆಗೆಟ್ಟ ಹೃದಯ ಮೊದಲೇ ದಣಿದಿರಬಹುದು. ಗಾಬರಿ ಬೇಡ, ಆದರೆ ಅನುಮಾನ ಇರಲಿ.

ಡಬ್ಬಿಯೊಳಗೆ ಇರುವುದೇನು?

ಹೊರದೇಶದ ಮಾಲೆಂದರೆ ಶುದ್ಧವೆಂಬ ನಂಬಿಕೆ ನಮ್ಮಲ್ಲಿದೆ. ಅಮೆರಿಕದಲ್ಲಿ ಇದು ಔಷಧಿಯಲ್ಲ, ಆಹಾರ ಪೂರಕವಾಗಿ ಮಾರಾಟವಾಗುತ್ತದೆ. ಹಾಗಾಗಿ ಔಷಧಿಗಿರುವ ಕಟ್ಟುನಿಟ್ಟು ಇದಕ್ಕಿಲ್ಲ. ಅಲ್ಲಿ ಮಿಠಾಯಿಯಂತೆ ಸಿಗುವ 25 ಬಗೆಯ ಮೆಲಟೋನಿನ್ ಗಮ್ಮಿಗಳನ್ನು ಪರೀಕ್ಷಿಸಿದ ವರದಿ 2023ರಲ್ಲಿ ಹೊರಬಂತು. 22ರಲ್ಲಿ ಡಬ್ಬಿಯ ಮೇಲಿನ ಲೆಕ್ಕಕ್ಕೂ ಒಳಗಿನ ಪ್ರಮಾಣಕ್ಕೂ ತಾಳೆಯಾಗಲಿಲ್ಲ. ಒಂದರಲ್ಲಿ ಬರೆದಿದ್ದಕ್ಕಿಂತ ಮೂರೂವರೆ ಪಟ್ಟಿನಷ್ಟು ಇತ್ತು. ಇನ್ನೊಂದರಲ್ಲಿ ಮೆಲಟೋನಿನ್ನೇ ಇರಲಿಲ್ಲ!

ಮಿಠಾಯಿ ಕಂಡ ಮಕ್ಕಳು ಸುಮ್ಮನಿರುತ್ತಾರೆಯೆ? ಮಕ್ಕಳು ಮೆಲಟೋನಿನ್ ನುಂಗಿದ ಪ್ರಕರಣಗಳು ಅಮೆರಿಕದ ವಿಷ ಮಾಹಿತಿ ಕೇಂದ್ರಗಳಲ್ಲಿ 2012ರಲ್ಲಿ 8,337 ಇದ್ದದ್ದು 2021ರಲ್ಲಿ 52,563ಕ್ಕೆ ಏರಿತು. ಹೆಚ್ಚಿನ ಮಕ್ಕಳಿಗೆ ಏನೂ ಆಗಲಿಲ್ಲ ನಿಜ. ಆದರೆ ಕೆಲವರಿಗೆ ಉಸಿರಾಟದ ಯಂತ್ರ ಬೇಕಾಯಿತು, ಇಬ್ಬರು ತೀರಿಕೊಂಡರು. ಡಬ್ಬಿ ಮನೆಯಲ್ಲಿದ್ದರೆ ಬೀಗದೊಳಗಿರಲಿ. ಹಟ ಮಾಡುವ ಮಗುವನ್ನು ಮಲಗಿಸಲು ಅದನ್ನು ಎಂದೂ ಬಳಸಬೇಡಿ.

ಕಾರಣ ಹುಡುಕಿ

ನನ್ನ ಮಟ್ಟಿಗೆ ಈ ಮಾತ್ರೆಯ ದೊಡ್ಡ ಅಡ್ಡಪರಿಣಾಮ ಯಾವ ಪಟ್ಟಿಯಲ್ಲೂ ಇಲ್ಲ. ಅದು ರೋಗವನ್ನು ಮುಚ್ಚಿಡುತ್ತದೆ. ಹತೋಟಿಯಲ್ಲಿಲ್ಲದ ಸಕ್ಕರೆಯಿಂದಾಗಿ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವವರು, ಜೋರು ಗೊರಕೆಯ ನಡುವೆ ಉಸಿರು ನಿಂತು ಎಚ್ಚರಗೊಳ್ಳುವವರು, ಥೈರಾಯ್ಡ್ ತೊಂದರೆಯವರು, ಸಾಲದ ಯೋಚನೆಯಲ್ಲಿ ಸೂರು ನೋಡುತ್ತ ಮಲಗಿರುವವರು, ಎಲ್ಲರೂ ಹೇಳುವುದು ‘ನಿದ್ದೆ ಬರುವುದಿಲ್ಲ’ ಎಂದೇ. ಇವರೆಲ್ಲರಿಗೂ ಒಂದೇ ಡಬ್ಬಿ ಮದ್ದಾಗುವುದು ಹೇಗೆ? ಮನಸ್ಸು ಕುಗ್ಗಿ, ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಬದುಕು ಬೇಡವೆನಿಸುವವರಿಗೆ ಬೇಕಾದದ್ದು ಮಾತ್ರೆಗಿಂತ ಮೊದಲು ಒಂದು ಮಾತು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ, ಹಣವಿಲ್ಲದೆ ಕರೆ ಮಾಡಬಹುದು.

ನಿಮ್ಮದೇ ಪೀನಿಯಲ್ ಗ್ರಂಥಿಗೆ ಮೊದಲು ಅವಕಾಶ ಕೊಡಿ. ಮಲಗುವ ಒಂದು ಗಂಟೆ ಮುಂಚೆ ಟಿವಿ, ಮೊಬೈಲು ಆರಿಸಿ. ಸಂಜೆಯ ಮೇಲೆ ಕಾಫಿ, ಟೀ ಬಿಡಿ. ಬೆಳಗಿನ ಬಿಸಿಲಿಗೆ ಅರ್ಧ ಗಂಟೆ ಮೈಯೊಡ್ಡಿ. ದಿನವೂ ಒಂದೇ ಹೊತ್ತಿಗೆ ಏಳಿ. ಮೂರು ವಾರ ಹೀಗೆ ನಡೆದರೂ ನಿದ್ದೆ ಬಾರದಿದ್ದರೆ, ನೀವು ಸೇವಿಸುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿ ಹೋಗಿ.

ಬ್ರಿಟನ್ನಿನಲ್ಲಿ ಮೆಲಟೋನಿನ್ ಬೇಕಾದರೆ ವೈದ್ಯರ ಚೀಟಿ ಬೇಕು. ನಮ್ಮಲ್ಲಿಯೂ ಅದೇ ಕಟ್ಟುಪಾಡು ನಡೆಯಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಮಗಳು ಪ್ರೀತಿಯಿಂದ ಕಳಿಸಿದ ಡಬ್ಬಿಯನ್ನು ಎಸೆಯಬೇಕಿಲ್ಲ. ಮುಚ್ಚಳ ತೆಗೆಯುವ ಮುನ್ನ ನಿಮ್ಮ ವೈದ್ಯರಿಗೆ ಒಮ್ಮೆ ತೋರಿಸಿ.